ಕೆಂಪು ಬಟ್ಟೆ ಕಟ್ಟಿದ ಕ್ಯಾನುಗಳು

ನವೆಂಬರ್ ೩

ಸೊಸೆಗೆ,

ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ನೀವು ಮೊದಲನೆಯ ಬಿಡಾರ ಸೇರಿರಬೇಕು. ಸೇರಿಲ್ಲವಾದರೆ ಅದು ಗೂಳಿಯ ತಪ್ಪಲ್ಲ, ಓಡಿಸುವವರ ತಪ್ಪು. ಅಲ್ಲಿಂದ ಮುಂದೆ ಫೋನು ಸಿಗುವುದಿಲ್ಲವೆಂದು ನನ್ನ ಮಗ ಹೇಳಿದ. ನನಗೇನೂ ನಷ್ಟವಿಲ್ಲ. ಫೋನಿನಲ್ಲಿ ಹೇಳಿದ ಮಾತು ಅರ್ಧ ಗಾಳಿಗೆ ಹೋಗುತ್ತದೆ. ಸಾಮಾನು ಸಾಗಿಸುವ ಲಾರಿಯವನು ವಾರಕ್ಕೆರಡು ಸಲ ಆ ಕಡೆ ಬರುತ್ತಾನೆ. ನಾನು ಅವನ ಕೈಯಲ್ಲಿ ಕಾಗದ ಕೊಡುತ್ತೇನೆ, ನೀನೂ ಅವನ ಕೈಯಲ್ಲೇ ಕೊಡು.

ಹೊರಡುವ ದಿನ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಎಲ್ಲರೆದುರು ಹೇಳಿದ್ದನ್ನು ಮತ್ತೆ ಬರೆಯುತ್ತಿದ್ದೇನೆ. ಆಮೇಲೆ ಯಾರೂ "ಅತ್ತೆ ಹಾಗೆ ಹೇಳಿರಲಿಲ್ಲ" ಅನ್ನಬಾರದು. ಗೂಳಿ ನಿನ್ನ ಮಾವನ ಜೀಪು. ಅದರ ವಯಸ್ಸು ನಿನ್ನ ವಯಸ್ಸಿಗಿಂತ ಹೆಚ್ಚು. ಅದನ್ನು ಮರುಭೂಮಿ ದಾಟಿಸಿ, ಸ್ವಂತ ಚಕ್ರದ ಮೇಲೆ ಈ ಬಾಗಿಲಿಗೆ ವಾಪಸ್ ತಂದರೆ ವರ್ಕ್‌ಶಾಪಿನ ಯಜಮಾನಿಕೆ ನಿನ್ನದು. ಲಾರಿಯ ಮೇಲೆ ಹೇರಿಕೊಂಡು ಬಂದರೆ ಕುರ್ಚಿಯಲ್ಲಿ ನಾನೇ ಕೂತಿರುತ್ತೇನೆ, ನೀನು ಮೊದಲಿನ ಹಾಗೆ ಗಾಡಿಯ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿರಬಹುದು. ಇದರಲ್ಲಿ ಸಿಟ್ಟಿಲ್ಲ. ನಾನು ಆ ಕುರ್ಚಿಯನ್ನು ಯಾರಿಂದಲೂ ದಾನವಾಗಿ ಪಡೆದವಳಲ್ಲ, ಯಾರಿಗೂ ದಾನ ಮಾಡುವವಳೂ ಅಲ್ಲ.

ನಿಮ್ಮ ಗುಂಪಿನ ಮುಖಂಡ, ಆ ಭೂಗೋಳದ ಮೇಷ್ಟ್ರು, ಪೆಟ್ರೋಲಿನ ಲೆಕ್ಕ ಹಾಕುವ ರೀತಿ ನನಗೆ ಹಿಡಿಸಲಿಲ್ಲ. ದಾರಿಗೆ ಬೇಕಾದಷ್ಟು, ಅದರ ಮೇಲೆ ಮೂರನೇ ಒಂದು ಭಾಗ ಉಳಿಕೆ! ಅಷ್ಟು ಭಾರ ಹೊತ್ತರೆ ಆ ಭಾರ ಎಳೆಯಲಿಕ್ಕೇ ಅರ್ಧ ಪೆಟ್ರೋಲು ಮುಗಿಯುತ್ತದೆ. ಮೇಷ್ಟ್ರಾದವರಿಗೆ ಹೆದರಿಕೆ ಜಾಸ್ತಿ. ಇರಲಿ, ನಾಲ್ಕು ಗಾಡಿ ಒಟ್ಟಿಗೆ ಹೋಗುವಾಗ ಮುಂದಿನವನ ಮಾತು ಕೇಳಬೇಕು.

ಮುಖ್ಯ ವಿಷಯ ಇದು. ಹಿಂದಿನ ಚೌಕಟ್ಟಿನಲ್ಲಿ ಕಟ್ಟಿರುವ ಆರು ಕ್ಯಾನುಗಳಲ್ಲಿ ನಾಲ್ಕಕ್ಕೆ ಹಿಡಿಕೆಯ ಮೇಲೆ ಕೆಂಪು ಬಟ್ಟೆ ಸುತ್ತಿಸಿದ್ದೇನೆ. ಅವುಗಳನ್ನು ಎರಡನೆಯ ಬಿಡಾರದಿಂದ ಆಚೆಗಿನ ಉದ್ದದ ಹಾದಿಗೇ ಇಟ್ಟುಕೋ. ಅದಕ್ಕೆ ಮೊದಲು ಮುಟ್ಟಬೇಡ. ಯಾಕೆ ಎಂದು ಕೇಳಬೇಡ.

ಚಿಕ್ಕವಳು ನನ್ನ ಮಗಳಾದರೂ ಕೆಲಸಗಳ್ಳಿ. ನಾದಿನಿ ಎಂದು ಮುದ್ದು ಮಾಡದೆ ಟೈರಿನ ಗಾಳಿ ನೋಡುವ ಕೆಲಸ ಅವಳಿಗೆ ಹಚ್ಚು.

ನಿನ್ನ ಅತ್ತೆ


ನವೆಂಬರ್ ೮
ಮೊದಲನೆಯ ಬಿಡಾರ

ಅತ್ತೆಯವರಿಗೆ ನಮಸ್ಕಾರ.

ಎಲ್ಲರೂ ಚೆನ್ನಾಗಿದ್ದೇವೆ. ಗೂಳಿಯೂ ಚೆನ್ನಾಗಿದೆ, ಆದರೆ ಅದರ ಹಸಿವು ನೋಡಿ ನನಗೆ ಗಾಬರಿಯಾಗಿದೆ. ಡಾಂಬರು ರಸ್ತೆಯಲ್ಲಿ ಲೀಟರಿಗೆ ಏಳು ಕಿಲೋಮೀಟರು ಕೊಡುತ್ತಿದ್ದದ್ದು ಮರಳಿಗೆ ಇಳಿದ ತಕ್ಷಣ ಮೂರೂವರೆಗೆ ಬಂತು. ಮೇಷ್ಟ್ರು ನಕ್ಕರು. "ಊರಲ್ಲಿ ಅಳೆದಿದ್ದು ಊರಿಗೆ ಸರಿ ಕಣಮ್ಮ. ಇಲ್ಲಿ ಇಂಜಿನ್ನು ಗಾಡಿ ಎಳೆಯೋದಲ್ಲ, ಮರಳು ತಳ್ಳೋದು" ಅಂದರು. ಟೈರಿನ ಗಾಳಿ ಅರ್ಧ ಬಿಟ್ಟ ಮೇಲೆ ಸ್ವಲ್ಪ ವಾಸಿ. ಗಾಳಿ ಬಿಟ್ಟವಳು ಚಿಕ್ಕವಳೇ. ನೀವು ಬರೆದದ್ದನ್ನು ಜೋರಾಗಿ ಓದಿ ಹೇಳಿದೆ. "ಕಾಗದದಲ್ಲೂ ಬೈತಾಳಲ್ಲ ಅಮ್ಮ!" ಎಂದು ಕುಣಿದಾಡಿದಳು.

ಇಲ್ಲಿ ಮಾರುವ ಪೆಟ್ರೋಲಿನಲ್ಲಿ ನೀರೂ ಮರಳೂ ಇರುತ್ತವೆಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಆಲಿಕೆಯ ಮೇಲೆ ತೊಗಲಿನ ಸೋಸುಬಟ್ಟೆ ಹಾಸಿ, ನಿಧಾನವಾಗಿ ಸುರಿಯುತ್ತೇವೆ. ನೀರು ಮೇಲೆಯೇ ನಿಲ್ಲುತ್ತದೆ, ಪೆಟ್ರೋಲು ಇಳಿಯುತ್ತದೆ. ಒಂದು ಕ್ಯಾನು ಸುರಿಯುವಷ್ಟರಲ್ಲಿ ತೋಳು ಬಿದ್ದುಹೋಗುತ್ತದೆ.

ನಾಳೆ ಎರಡನೆಯ ಬಿಡಾರಕ್ಕೆ ಹೊರಡುತ್ತೇವೆ. ಡಿಸೆಂಬರ್ ಮೊದಲ ವಾರದಲ್ಲಿ ಗಾಳಿಯ ಅಬ್ಬರ ಇಳಿಯುವ ತನಕ ಅಲ್ಲೇ ಇರಬೇಕಂತೆ. ಅಲ್ಲಿ ಇರುವುದು ಒಂದೇ ಬಂಕು. ಬಂಕು ಎಂದರೆ ತಗಡಿನ ಸೂರಿನ ಕೆಳಗೆ ಸಾಲಾಗಿ ನಿಲ್ಲಿಸಿದ ಪೀಪಾಯಿಗಳು, ಒಂದು ಕೈಪಂಪು, ಒಬ್ಬರು ವಯಸ್ಸಾದ ಯಜಮಾನರು. ನಮ್ಮ ನಾಲ್ಕೂ ಗಾಡಿಗಳ ಪಾಲನ್ನು ತೆಗೆದಿಡಲು ಮೇಷ್ಟ್ರು ಮೊದಲೇ ಹೇಳಿ ಕಳಿಸಿದ್ದಾರೆ.

ಕೆಂಪು ಬಟ್ಟೆಯ ಕ್ಯಾನು ಮುಟ್ಟಿಲ್ಲ. ಯಾಕೆ ಎಂದೂ ಕೇಳಿಲ್ಲ.

ನಿಮ್ಮ ಸೊಸೆ


ನವೆಂಬರ್ ೧೩

ಸೊಸೆಗೆ,

ಕಾಗದ ಬಂತು. ಲೀಟರಿಗೆ ಮೂರೂವರೆ ಎಂದು ಬರೆದಿದ್ದೀ. ನಿನ್ನ ಮಾವ ಓಡಿಸುವಾಗ ನಾಲ್ಕಕ್ಕಿಂತ ಕೆಳಗೆ ಹೋದದ್ದಿಲ್ಲ. ನೀನು ಗೇರು ಬದಲಿಸುವಾಗ ಅವಸರ ಮಾಡುತ್ತೀ. ಇದನ್ನು ನಾನು ಮೊದಲೂ ಹೇಳಿದ್ದೇನೆ, ನೀನು "ಹೂಂ" ಅಂದು ಸುಮ್ಮನಾಗಿದ್ದೀ. ನಿನ್ನ "ಹೂಂ"ನಲ್ಲಿ ಎಷ್ಟು ಒಪ್ಪಿಗೆ ಇರುತ್ತದೆ ಎಂಬುದು ನನಗೆ ಗೊತ್ತು.

ಸೋಸಿ ಸುರಿಯುವುದು ಒಳ್ಳೆಯದು. ಆದರೆ ಸೋಸಿದರೆ ನೀರು ಹೋದೀತು, ಮಾರುವವನ ಬುದ್ಧಿ ಹೋಗುವುದಿಲ್ಲ. ಒಬ್ಬನೇ ಮಾರುವ ಕಡೆ ಕಲಬೆರಕೆ ಇಲ್ಲದೆ ಇರುತ್ತದೆಯೇ? ಪಕ್ಕದಲ್ಲಿ ಇನ್ನೊಂದು ಅಂಗಡಿ ಇದ್ದರೆ ತಾನೇ ಹೆದರಿಕೆ. ಎಚ್ಚರವಾಗಿರು. ನಿನಗೆ ಭರವಸೆಯಾಗಿ ನನ್ನ ನಾಲ್ಕು ಕ್ಯಾನುಗಳಿವೆ ಎಂಬುದನ್ನು ಮರೆಯಬೇಡ.

ವರ್ಕ್‌ಶಾಪು ನಡೆಯುತ್ತಿದೆ. ನಿನ್ನ ಗಂಡ ದಿನಕ್ಕೆ ನಾಲ್ಕು ಸಲ ಗೋಡೆಯ ಮೇಲಿನ ನಕ್ಷೆ ನೋಡುತ್ತಾನೆ. ನೋಡಿದರೆ ನೀವು ಬೇಗ ಬರುತ್ತೀರೇ ಎಂದು ಕೇಳಿದೆ. ಮತ್ತೊಮ್ಮೆ ನೋಡಿದ.

ಅತ್ತೆ


ನವೆಂಬರ್ ೧೭
ಎರಡನೆಯ ಬಿಡಾರ

ಅತ್ತೆಯವರಿಗೆ ನಮಸ್ಕಾರ.

ನೀವು ಎಚ್ಚರಿಸಿದ್ದು ನಿಜವಾಯಿತು. ಇವತ್ತು ಬೆಳಿಗ್ಗೆ ಮೇಷ್ಟ್ರು ಎಲ್ಲ ಗಾಡಿಗಳನ್ನೂ ದಿಬ್ಬಗಳ ಮೇಲೆ ಪರೀಕ್ಷೆಗೆ ಓಡಿಸಿದರು. ಮುಂದೆ ಹೊತ್ತುಕೊಂಡು ಹೋಗುವ ಪೆಟ್ರೋಲನ್ನೇ ಹಾಕಿ ಓಡಿಸಬೇಕು ಎಂದು ಅವರ ಅಪ್ಪಣೆ. ಹಾಗಾಗಿ ಟ್ಯಾಂಕಿಗೆ ಅರ್ಧ ಬಂಕಿನದನ್ನು, ಇನ್ನರ್ಧಕ್ಕೆ ನಿಮ್ಮ ಒಂದು ಕೆಂಪು ಕ್ಯಾನನ್ನು ಸುರಿಯಲು ಚಿಕ್ಕವಳಿಗೆ ಹೇಳಿದೆ. ಕ್ಷಮಿಸಿ, ಮುಟ್ಟಬೇಕಾಯಿತು. ಗಾಳಿ ಎಷ್ಟು ಜೋರಿತ್ತೆಂದರೆ ನಾವು ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದೆವು.

ಮೊದಲ ದಿಬ್ಬ ಹತ್ತಿತು. ಎರಡನೆಯದರ ಮಧ್ಯದಲ್ಲಿ ಗೂಳಿ ಕೆಮ್ಮಲು ಶುರು ಮಾಡಿತು, ಆಮೇಲೆ ಬಡಿದುಕೊಂಡಿತು, ಆಮೇಲೆ ನಿಂತೇಹೋಯಿತು. ಉಳಿದ ಮೂರೂ ಗಾಡಿಗಳು ಆಚೆ ಇಳಿದುಹೋಗಿದ್ದವು. ನಮ್ಮನ್ನು ಹಗ್ಗ ಕಟ್ಟಿ ಎಳೆದು ತಂದರು.

ನನಗೆ ತಲೆ ಕೆಟ್ಟುಹೋಯಿತು. ನೇರವಾಗಿ ಬಂಕಿಗೆ ಹೋಗಿ ಎಲ್ಲರೆದುರು ಕೇಳಿಬಿಟ್ಟೆ, "ಏನು ಬೆರೆಸಿ ಮಾರ್ತೀರಿ ಯಜಮಾನ್ರೇ?" ಎಂದು. ಅವರು ಕೂತಲ್ಲಿಂದ ಏಳಲಿಲ್ಲ.

"ಉಳಿದ ಮೂರು ಗಾಡಿ ಓಡ್ತಿದಾವಲ್ಲ, ಅವೂ ಇದನ್ನೇ ಕುಡಿದಿದ್ದು" ಅಂದರು.

"ನಮ್ಮ ಮನೆಯಿಂದ ತಂದಿದ್ದು ಕೆಟ್ಟಿರೋಕೆ ಸಾಧ್ಯವೇ ಇಲ್ಲ. ಇನ್ನು ಉಳಿದಿದ್ದು ನಿಮ್ಮದೇ" ಅಂದೆ.

ಅವರು ಕೈಪಂಪಿನ ಹಿಡಿಕೆ ಕಳಚಿ ಒಳಗಿಟ್ಟರು. "ಕಳ್ಳನ ಹತ್ರ ಯಾಕೆ ತಗೊಳ್ತೀರಿ? ನಿಮ್ಮ ಗುಂಪಿಗೆ ನನ್ನಲ್ಲಿ ಪೆಟ್ರೋಲಿಲ್ಲ" ಅಂದರು. ಮೇಷ್ಟ್ರು ಎಷ್ಟು ಹೇಳಿದರೂ ಕೇಳಲಿಲ್ಲ. ಅವರಿಗೂ ಸಿಟ್ಟು ಇಳಿಯಬೇಕಲ್ಲ, ಎರಡು ದಿನ ಕಾಯುತ್ತೇವೆ. ನೀವು ಯೋಚನೆ ಮಾಡಬೇಡಿ.

ನಾಳೆ ಕಾರ್ಬೊರೇಟರ್ ಬಿಚ್ಚುತ್ತೇನೆ.

ನಿಮ್ಮ ಸೊಸೆ


ನವೆಂಬರ್ ೨೧

ಸೊಸೆಗೆ,

ಸರಿಯಾಗಿ ಮಾಡಿದೆ. ನಾನು ಅಲ್ಲಿದ್ದರೆ ಪೀಪಾಯಿಯನ್ನೇ ಉರುಳಿಸುತ್ತಿದ್ದೆ. ನಿನಗೆ ಬಾಯಿ ಇದೆ ಎಂದು ಇಷ್ಟು ವರ್ಷದ ಮೇಲೆ ಗೊತ್ತಾಯಿತು. ಕಾಗದವನ್ನು ನಿನ್ನ ಗಂಡನಿಗೂ ನಮ್ಮ ಮೆಕ್ಯಾನಿಕ್‌ಗೂ ಓದಿ ಹೇಳಿದೆ. ಮೆಕ್ಯಾನಿಕ್ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೊರಗೆ ಹೋದ. ಅವನಿಗೂ ಸಿಟ್ಟು ಬಂದಿರಬೇಕು.

ಈಗ ಕೆಂಪು ಬಟ್ಟೆಯ ಸಂಗತಿ ಹೇಳುವ ಕಾಲ ಬಂದಿದೆ. ಟ್ಯಾಂಕಿನಲ್ಲಿರುವ ಬಂಕಿನ ಕೊಳಕನ್ನೆಲ್ಲ ಚೆಲ್ಲಿ, ಬರೀ ನನ್ನ ಕ್ಯಾನುಗಳದ್ದನ್ನೇ ಹಾಕು. ಅದು ಪಂಪಿನ ಪೆಟ್ರೋಲಲ್ಲ. ನಿನ್ನ ಮಾವನ ಪೆಟ್ರೋಲು.

ಗೂಳಿ ಹುಟ್ಟಿದ ಕಾಲದಲ್ಲಿ ಸೀಸ ಬೆರೆಸಿದ ಪೆಟ್ರೋಲು ಬರುತ್ತಿತ್ತು. ಆ ಇಂಜಿನ್ನಿನ ವಾಲ್ವುಗಳಿಗೆ ಅದೇ ಒಗ್ಗುವುದು. ಅದನ್ನು ಸರ್ಕಾರದವರು ನಿಲ್ಲಿಸುತ್ತಾರೆ ಎಂದಾಗ ನಿನ್ನ ಮಾವ ಒಂದು ಪೂರ್ತಿ ಪೀಪಾಯಿ ತುಂಬಿಸಿ, ಮುಚ್ಚಳಕ್ಕೆ ಅರಗು ಬಳಿದು, ಹಿಂದಿನ ಶೆಡ್ಡಿನಲ್ಲಿ ಇಟ್ಟರು. "ಮತ್ತೊಂದ್ಸಲ ಮರುಭೂಮಿಗೆ ಹೋಗುವಾಗ ಬೇಕಾಗುತ್ತೆ" ಅಂದಿದ್ದರು. ಹೋಗುವ ಮೊದಲೇ ಅವರು ತೀರಿಕೊಂಡರು. ಅಷ್ಟೂ ವರ್ಷ ನಾನು ಅದನ್ನು ಯಾರಿಗೂ ಮುಟ್ಟಲು ಬಿಟ್ಟಿಲ್ಲ. ನೀವು ಹೊರಡುವ ಹಿಂದಿನ ದಿನ, ನೀನು ಪಂಪಿನಲ್ಲಿ ತುಂಬಿಸಿ ತಂದಿದ್ದ ಆರು ಕ್ಯಾನುಗಳಲ್ಲಿ ನಾಲ್ಕನ್ನು ಖಾಲಿ ಮಾಡಿಸಿ, ಪೀಪಾಯಿಯದನ್ನು ತುಂಬಿಸಿದೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ಚಿಲ್ಲರೆ ದಾರಿಗೆಲ್ಲ ಖರ್ಚು ಮಾಡಿಬಿಡುತ್ತಿದ್ದೆ.

ಈಗ ಗೊತ್ತಾಯಿತಲ್ಲ. ಅದನ್ನು ಹಾಕಿ ಸ್ಟಾರ್ಟ್ ಮಾಡು. ಗೂಳಿ ಹೇಗೆ ಏಳುತ್ತದೆ ನೋಡಿ ಬರೆ.

ಅತ್ತೆ


ನವೆಂಬರ್ ೨೫
ಎರಡನೆಯ ಬಿಡಾರ

ಅತ್ತೆಯವರಿಗೆ ನಮಸ್ಕಾರ.

ಕಾಗದ ತಲುಪಿತು. ಎರಡು ಸಲ ಓದಿದೆ. ಮಾವನವರು ಇಟ್ಟ ಪೆಟ್ರೋಲನ್ನು ನನ್ನ ಕೈಗೆ ಕೊಟ್ಟಿರಿ ಎಂದು ಓದಿ, ಕಾಗದವನ್ನು ಮಡಿಸಿ ಸ್ಪ್ಯಾನರಿನ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟೆ.

ಗೂಳಿ ವಿಶ್ರಾಂತಿಯಲ್ಲಿದೆ. ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದೇನೆ. ಪೆಟ್ರೋಲು ಹಾಯುವ ಜೆಟ್ಟುಗಳ ತೂತಿನಲ್ಲಿ ಸ್ವಲ್ಪ ಕಸ ಇತ್ತು. ವಾಲ್ವುಗಳನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು ಎಂದು ಇಂಜಿನ್ನಿನ ಹೆಡ್ಡು ಬಿಚ್ಚುತ್ತಿದ್ದೇನೆ. ಗಾಳಿ ಹೇಗೂ ಇಳಿದಿಲ್ಲ. ಚಿಕ್ಕವಳು ಸ್ಪ್ಯಾನರುಗಳ ಅಳತೆ ಗುರುತಿಸಲು ಕಲಿತಿದ್ದಾಳೆ, ನೀವು ನಂಬುವುದಿಲ್ಲ.

ಬಂಕಿನ ಯಜಮಾನರು ಇನ್ನೂ ಮಾತಾಡುತ್ತಿಲ್ಲ. ದಿನಾ ಹೋಗಿ ಕ್ಷಮೆ ಕೇಳುತ್ತಿದ್ದೇನೆ.

ಒಂದು ವಿಷಯ ಕೇಳಬೇಕಿತ್ತು. ಆ ಪೀಪಾಯಿಯಲ್ಲಿ ಇನ್ನೂ ಏನಾದರೂ ಉಳಿದಿದೆಯೇ? ಉಳಿದಿದ್ದರೆ ದಯವಿಟ್ಟು ಅಲ್ಲಿಯ ಯಾವ ಗಾಡಿಗೂ ಹಾಕಿಸಬೇಡಿ. ಜನರೇಟರಿಗೂ ಬೇಡ. ನಾನು ಬಂದ ಮೇಲೆ ನೋಡೋಣ.

ನಿಮ್ಮ ಸೊಸೆ


ಡಿಸೆಂಬರ್ ೧

ಸೊಸೆಗೆ,

ನಾನು ಹೈಸ್ಕೂಲಿನ ತನಕ ಓದಿದವಳು. ಆದರೂ ಒಂದು ಕಾಗದದಲ್ಲಿ ಏನು ಬರೆದಿಲ್ಲ ಎಂಬುದನ್ನು ಓದಲು ಬರುತ್ತದೆ. ಬಂಕಿನವನ ಪೆಟ್ರೋಲು ಕೆಟ್ಟದ್ದಾಗಿದ್ದರೆ ನೀನು ದಿನಾ ಹೋಗಿ ಅವನ ಕ್ಷಮೆ ಯಾಕೆ ಕೇಳುತ್ತೀ? ನನ್ನ ಪೆಟ್ರೋಲು ಹಾಕಿದೆಯೋ ಇಲ್ಲವೋ ಎಂದು ಒಂದು ಸಾಲೂ ಇಲ್ಲ ಯಾಕೆ? ಜನರೇಟರಿಗೆ ಹಾಕಬೇಡಿ ಎಂದರೆ ಏನರ್ಥ?

ಶೆಡ್ಡಿಗೆ ಹೋದೆ. ಮೆಕ್ಯಾನಿಕ್‌ನನ್ನು ಕರೆದು ಮುಚ್ಚಳ ತೆಗೆಸಿದೆ. ಒಂದು ಗಾಜಿನ ಲೋಟದಲ್ಲಿ ಪೀಪಾಯಿಯದು, ಇನ್ನೊಂದರಲ್ಲಿ ಪಂಪಿನದು. ಕಿಟಕಿಯ ಬೆಳಕಿಗೆ ಹಿಡಿದೆ. ಪಂಪಿನದು ನೀರಿನಂತಿತ್ತು. ನಮ್ಮದು ಕುದಿಸಿ ಮರೆತ ಚಹಾದಂತಿತ್ತು. ಮೂಗಿನ ಹತ್ತಿರ ತಂದರೆ ಪೆಟ್ರೋಲಿನ ವಾಸನೆಯೇ ಅಲ್ಲ, ಬಾಗಿಲಿಗೆ ಬಳಿಯುವ ವಾರ್ನಿಷ್ ವಾಸನೆ. ಬೆರಳಿಗೆ ಅಂಟು.

"ಇದು ಯಾವಾಗಿಂದ ಹೀಗಿದೆ?" ಎಂದೆ.

"ಪೆಟ್ರೋಲು ಕೂತರೆ ಹೀಗೇ ಆಗೋದಮ್ಮ. ಒಂದೆರಡು ವರ್ಷಕ್ಕೇ ಕೆಡುತ್ತೆ" ಅಂದ.

"ಕ್ಯಾನು ತುಂಬಿಸಿದವನು ನೀನೇ ಅಲ್ವಾ? ಆವತ್ತು ವಾಸನೆ ಬರಲಿಲ್ವಾ?"

"ಬಂತಮ್ಮ."

"ಮತ್ತೆ ಬಾಯಿ ಯಾಕೆ ಬಿಡಲಿಲ್ಲ?"

ಅವನು ನನ್ನ ಮುಖ ನೋಡಿದ. "ನಿಮ್ಮೆದುರಿಗಾ?" ಅಂದ.

ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುವವನು. ಒಳಗೆ ಬಂದು ಕೂತೆ. ನಿನ್ನ ಗಂಡನನ್ನು ಕರೆದು, "ನಿನಗೂ ಗೊತ್ತಿತ್ತಾ?" ಎಂದು ಕೇಳಿದೆ. ಅವನು ಗೊತ್ತಿರಲಿಲ್ಲ ಎಂದ, ಗೊತ್ತಿದ್ದರೂ ಹೇಳುತ್ತಿರಲಿಲ್ಲ ಎಂದೂ ಸೇರಿಸಿದ. ನೀನು ಅಷ್ಟು ದೂರದಲ್ಲಿದ್ದೀ, ಗಾಡಿ ಕೆಟ್ಟು ಕೂತಿದ್ದೀ, ಆದರೂ ಹೇಳಲಿಲ್ಲ. ನಾನು ಈ ಮನೆಯನ್ನೂ ವರ್ಕ್‌ಶಾಪನ್ನೂ ಬಿಗಿಯಾಗಿ ನಡೆಸಿದೆ ಎಂದುಕೊಂಡಿದ್ದೆ. ಇಷ್ಟು ಬಿಗಿ ಎಂದು ಗೊತ್ತಿರಲಿಲ್ಲ.

ಕೆಂಪು ಕ್ಯಾನುಗಳನ್ನು ಖಾಲಿ ಮಾಡು. ಇದು ಅಪ್ಪಣೆ. ನಿನ್ನ ಮಾವನಿಗೆ ಅವಮಾನ ಎಂದು ಯೋಚಿಸಬೇಡ. ಅವರು ಬದುಕಿದ್ದರೆ ಒಂದು ವರ್ಷದಲ್ಲೇ ಅದನ್ನು ಸುಟ್ಟು ಮುಗಿಸುತ್ತಿದ್ದರು. ಕಾದಿಟ್ಟವಳು ನಾನು.

ಬಂಕಿನವರಿಗೆ ಒಂದು ಕಾಗದ ಇದರೊಡನೆ ಇಟ್ಟಿದ್ದೇನೆ. ನೀನು ಓದಿ ಕೊಡಬಹುದು. ನನಗೆ ಇಂಥ ಕಾಗದ ಬರೆದು ಅಭ್ಯಾಸವಿಲ್ಲ. ಮೂರು ಹಾಳೆ ಹರಿದೆ.

"ಬಂಕಿನ ಯಜಮಾನರಿಗೆ. ನನ್ನ ಸೊಸೆ ನಿಮ್ಮ ಪೆಟ್ರೋಲು ಕೆಟ್ಟದ್ದೆಂದು ಎಲ್ಲರೆದುರು ಹೇಳಿದಳು. ಕೆಟ್ಟಿದ್ದು ನಮ್ಮದು. ಅದನ್ನು ಅವಳಿಗೆ ಹೇಳದೆ ಕ್ಯಾನಿಗೆ ತುಂಬಿಸಿದವಳು ನಾನು. ಅವಳು ಮನೆಯ ಮೇಲಿನ ನಂಬಿಕೆಯಿಂದ ಹಾಗೆ ಮಾತಾಡಿದಳು. ನಿಮ್ಮನ್ನು ಅಂದ ಮಾತು ನನಗೆ ಸೇರಬೇಕಾದದ್ದು, ದಯವಿಟ್ಟು ನನ್ನ ಲೆಕ್ಕಕ್ಕೆ ಹಾಕಿಕೊಳ್ಳಿ. ಯಾರೆದುರು ಆ ಮಾತು ಆಯಿತೋ ಅವರೆದುರೇ ಇದನ್ನು ಓದಿಸಿ."

ಅತ್ತೆ


ಡಿಸೆಂಬರ್ ೬
ಎರಡನೆಯ ಬಿಡಾರ

ಅತ್ತೆ,

ಮೊದಲು ಬಂಕಿನ ಯಜಮಾನರ ಸುದ್ದಿ. ನಿಮ್ಮ ಕಾಗದವನ್ನು ಅವರಿಗೆ ಕೊಟ್ಟೆ. ಕನ್ನಡಕ ಇಲ್ಲ, ನೀನೇ ಓದು ಎಂದರು. ಮೇಷ್ಟ್ರು, ಉಳಿದ ಗಾಡಿಗಳವರು, ಲಾರಿಯವನು ಎಲ್ಲರೂ ನಿಂತಿದ್ದರು. ಓದಿದೆ. ಕೊನೆಯ ಸಾಲು ಬರುವಷ್ಟರಲ್ಲಿ ಚಿಕ್ಕವಳು ನನ್ನ ಕೈಯಿಂದ ಕಿತ್ತುಕೊಂಡು ಓದಿ ಮುಗಿಸಿದಳು.

ಯಜಮಾನರು ಒಂದು ಬಿಳಿ ಕಾಗದ ತರಿಸಿದರು. ಅದರ ಮೇಲೆ ತಮ್ಮ ಪೆಟ್ರೋಲಿನ ಒಂದು ಹನಿ, ಪಕ್ಕದಲ್ಲಿ ಕೆಂಪು ಕ್ಯಾನಿನ ಒಂದು ಹನಿ ಹಾಕಿದರು. ಅವರದು ಆರಿ ಹೋಯಿತು, ಗುರುತೇ ಇಲ್ಲ. ನಮ್ಮದು ಹಳದಿ ಕಲೆಯಾಗಿ ಉಳಿಯಿತು. "ಇದನ್ನ ಆವತ್ತೇ ತೋರಿಸಬಹುದಿತ್ತು. ನನಗೂ ಕೋಪ ಬಂತು" ಅಂದರು. ಆಮೇಲೆ, "ನಿಮ್ಮತ್ತೆ ಜೋರಿದ್ದಾರೆ. ಕ್ಷಮೆ ಕೇಳೋದೂ ಆರ್ಡರ್ ಹಾಕಿದ ಹಾಗಿದೆ" ಎಂದು ನಕ್ಕರು. ಪಂಪಿನ ಹಿಡಿಕೆ ಹೊರಗೆ ಬಂತು.

ನಾನು ಯಾಕೆ ಮುಚ್ಚಿಟ್ಟೆ ಎಂದು ನೀವು ನೇರವಾಗಿ ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಇಪ್ಪತ್ತೊಂದನೆಯ ತಾರೀಕಿನ ಕಾಗದ ಬರುವ ಮೊದಲೇ ನನಗೆ ಗೊತ್ತಾಗಿತ್ತು. ಜೆಟ್ಟಿನಲ್ಲಿ ಇದ್ದದ್ದು ಕಸವಲ್ಲ, ಅಂಟು. ವಾಲ್ವುಗಳೂ ಅಂಟಿಕೊಂಡಿದ್ದವು. ಹಿಂದಿನ ಚೌಕಟ್ಟಿಗೆ ಹೋಗಿ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದೆ. ನಾನು ಪಂಪಿನಲ್ಲಿ ತುಂಬಿಸಿದ್ದು ಅದಲ್ಲ, ನೀವು ಬೇರೆ ತರಿಸಿ ಹಾಕಿಸಿದ್ದೀರಿ, ನಿಮಗೆ ಯಾರೋ ಮೋಸ ಮಾಡಿ ಮಾರಿದ್ದಾರೆ ಎಂದುಕೊಂಡೆ. ಬರೆಯಬೇಕು ಎಂದಿದ್ದಾಗ ಮಾವನವರ ಪೀಪಾಯಿಯ ವಿಷಯ ಬಂತು. ಆಮೇಲೆ ಪೆನ್ನು ಏಳಲಿಲ್ಲ. ಹೆದರಿಕೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಪೂರ್ತಿ ಹೆದರಿಕೆಯೂ ಅಲ್ಲ.

ಈಗ ಕೆಟ್ಟ ಸುದ್ದಿ. ನಮಗೆಂದು ತೆಗೆದಿಟ್ಟ ಪಾಲನ್ನು ಯಜಮಾನರು ಸಿಟ್ಟಿನ ದಿನಗಳಲ್ಲಿ ಬೇರೆಯವರಿಗೆ ಮಾರಿಬಿಟ್ಟಿದ್ದಾರೆ. ಇರುವುದನ್ನೆಲ್ಲ ಕೊಟ್ಟರು. ಮುಂದಿನ ಟ್ಯಾಂಕರು ತಿಂಗಳ ಕೊನೆಗೆ. ಅಷ್ಟು ದಿನ ಉಳಿದವರಿಗೆ ರಜೆ ಇಲ್ಲ. ಮೇಷ್ಟ್ರು ಮರಳಿನ ಮೇಲೆ ಕಡ್ಡಿಯಿಂದ ಲೆಕ್ಕ ಹಾಕಿದರು. ಇರುವುದನ್ನು ನಾಲ್ಕು ಗಾಡಿಗೆ ಹಂಚಿದರೆ ದಾರಿಗೆ ಸರಿಯಾಗುತ್ತದೆ, ಒಂದು ಲೀಟರೂ ಉಳಿಕೆ ಇಲ್ಲ. ಮೂರು ಗಾಡಿಗೆ ಹಂಚಿದರೆ ಉಳಿಕೆಯೂ ಪೂರ್ತಿ ಸಿಗುತ್ತದೆ.

"ನಾಲ್ಕಕ್ಕೆ ಹಂಚಿದ್ರೆ ಅಂದಾಜಿಗೆ ಸಾಕು. ತಪ್ಪಿಗೆ ಸಾಲದು" ಅಂದರು. ಗೂಳಿಯ ಇಂಜಿನ್ನು ಆಗಲೇ ಜೋಡಿಸಿ, ಟ್ಯಾಂಕು ತೊಳೆದು ಒಳ್ಳೆಯ ಪೆಟ್ರೋಲು ಹಾಕಿ ಆಗಿತ್ತು, ಸ್ಟಾರ್ಟ್ ಮಾಡಿದರೆ ಮೊದಲಿನ ಹಾಗೇ ಗುರುಗುಡುತ್ತಿತ್ತು. ಹೊರಡಬಹುದಿತ್ತು, ಅತ್ತೆ. ನೀವು ಹೇಳಿದ ಹಾಗೆ ನಿಧಾನವಾಗಿ ಗೇರು ಬದಲಿಸಿದ್ದರೆ ದಾಟಿಯೂ ಬಿಡುತ್ತಿದ್ದೆವೇನೋ. ಆದರೆ ನಾಲ್ಕರಲ್ಲಿ ಯಾರದೋ ಒಂದು ಗಾಡಿ ಮರಳಲ್ಲಿ ಹೂತು, ಅರ್ಧ ದಿನ ಇಂಜಿನ್ನು ಉರಿಸಬೇಕಾಗಿ ಬಂದರೆ?

ನಮ್ಮ ಟ್ಯಾಂಕನ್ನೂ ಕೆಂಪು ಬಟ್ಟೆಯಿಲ್ಲದ ಎರಡು ಕ್ಯಾನುಗಳನ್ನೂ ಬಗ್ಗಿಸಿ ಆ ಮೂರಕ್ಕೆ ಹಂಚಿದೆ. ಇವತ್ತು ಬೆಳಿಗ್ಗೆ ಅವರು ಹೊರಟುಹೋದರು. ಮೇಷ್ಟ್ರ ಗಾಡಿಯಲ್ಲಿ ಒಂದು ಸೀಟಿತ್ತು, ಚಿಕ್ಕವಳನ್ನು ಹೋಗು ಎಂದೆ. "ನಿಮ್ಮನ್ನ ಇಲ್ಲಿ ಬಿಟ್ಟು ಹೋದ್ರೆ ಅಮ್ಮ ನನ್ನ ಮನೆಯೊಳಗೆ ಸೇರಿಸ್ತಾಳಾ ಅತ್ತಿಗೇ?" ಎಂದು ಇಲ್ಲೇ ಕೂತಳು.

ಮುಂದಿನ ಸಲ ಬರುವಾಗ ಲಾರಿಯವನು ಗೂಳಿಯನ್ನು ಹೇರಿಕೊಂಡು ಬರಲು ಒಪ್ಪಿದ್ದಾನೆ. ಅದು ಮರುಭೂಮಿ ದಾಟಲಿಲ್ಲ, ಸ್ವಂತ ಚಕ್ರದ ಮೇಲೂ ಬರುವುದಿಲ್ಲ. ನೀವು ಹೇಳಿದ ಮಾತು ನೆನಪಿದೆ. ಅದರಲ್ಲಿ ರಿಯಾಯಿತಿ ಕೇಳುವುದಿಲ್ಲ.

ನಿಮ್ಮ ಸೊಸೆ


ಡಿಸೆಂಬರ್ ೧೦

ಸೊಸೆಗೆ,

ನಿನ್ನ ಕಾಗದವನ್ನು ಓದಿ ಮಡಿಸಿಟ್ಟೆ. ಮತ್ತೆ ತೆಗೆದು ಓದಿದೆ. ನಾನು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಸುಳ್ಳು ಹೇಳುವ ವಯಸ್ಸಲ್ಲ ನನ್ನದು. ನಾನಾಗಿದ್ದರೆ ಹೊರಟುಬಿಡುತ್ತಿದ್ದೆ. ನಾಲ್ಕಕ್ಕೂ ಹಂಚಿಸಿ, ಉಳಿಕೆ ಇಲ್ಲದೆ, ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಗಿಲಲ್ಲಿ ನಿಂತು ಹೇಳಿದ ಒಂದು ಮಾತಿಗೋಸ್ಕರ ಹೊರಡುತ್ತಿದ್ದೆ. ಯಾರೂ ತಡೆಯುತ್ತಲೂ ಇರಲಿಲ್ಲ. ನನ್ನನ್ನು ತಡೆಯುವವರನ್ನು ನಾನು ಉಳಿಸಿಕೊಂಡಿಲ್ಲ.

ಗಾಡಿ ರಿಪೇರಿ ಮಾಡಿ ಜನರನ್ನು ರಸ್ತೆಗೆ ಕಳಿಸುವ ಜಾಗ ಇದು. ಇಂಥ ಕಡೆ ಯಜಮಾನಿಕೆ ಮಾಡುವವರಿಗೆ ಯಾವಾಗ ಹೊರಡಬಾರದು ಎಂಬುದು ಗೊತ್ತಿರಬೇಕು. ನನ್ನ ಷರತ್ತಿನಲ್ಲಿ ಅದನ್ನು ಸೇರಿಸಿರಲಿಲ್ಲ. ಷರತ್ತೇ ತಪ್ಪಾಗಿತ್ತು. ಒಂದನೆಯ ತಾರೀಕಿನಿಂದ ನೀನು ಕುರ್ಚಿಯಲ್ಲಿ ಕೂರು. ಇದು ರಿಯಾಯಿತಿಯಲ್ಲ. ಬೇಡ ಎಂದು ಬರೆದು ಕಾಗದ ಹಾಳು ಮಾಡಬೇಡ.

ನಿನಗೆ ಒಂದು ಯೋಚನೆ ಬಂದೀತು ಎಂದು ಮೊದಲೇ ಹೇಳುತ್ತಿದ್ದೇನೆ. ಊರ ಹೊರಗೆ ಗೂಳಿಯನ್ನು ಲಾರಿಯಿಂದ ಇಳಿಸಿ, ಎರಡು ಲೀಟರು ಹಾಕಿಸಿ, ನನ್ನ ಮರ್ಯಾದೆ ಉಳಿಯಲಿ ಎಂದು ಓಡಿಸಿಕೊಂಡು ಬರುವ ಯೋಚನೆ. ಹಾಗೆ ಮಾಡಬೇಡ. ಲಾರಿಯ ಮೇಲೇ ತಾ. ಹಗಲು ಹೊತ್ತು, ದೊಡ್ಡ ಬೀದಿಯಲ್ಲೇ ತಾ. ಯಾಕೆ ಹೀಗೆ ಬಂತು ಎಂದು ಕೇಳುವವರು ಕೇಳುತ್ತಾರೆ. ನೀನು ಬಾಯಿ ಬಿಡಬೇಕಾಗಿಲ್ಲ. ಉತ್ತರ ಹೇಳಲು ನಾನು ಬಾಗಿಲಲ್ಲಿ ನಿಂತಿರುತ್ತೇನೆ.

ಅತ್ತೆ